ಪಂಕ್ತಿಯಲ್ಲಿ ಕೂರುವ ಯೋಗ್ಯತೆ

ಕಳೆದ ಮಳೆಗಾಲದಲ್ಲಿ ಅಮ್ಮ ಬಂಟ್ವಾಳದಿಂದ ಬಂದು ನಮ್ಮೊಂದಿಗೆ ಎರಡು ತಿಂಗಳಿದ್ದರು. ಮೊದಲ ಭಾನುವಾರ ಪೂಜೆ ಮುಗಿಸಿ ಡೊಂಬಿವಲಿ ಸ್ಟೇಷನ್ ಕಡೆಯಿಂದ ಎಂಐಡಿಸಿಗೆ ರಿಕ್ಷಾದಲ್ಲಿ ಬರುತ್ತಿದ್ದೆವು. ಹೊಂಡಗಳ ನಡುವೆ ಕಂಬಿ ಹಿಡಿದುಕೊಂಡೇ ಅಮ್ಮ ಕೇಳಿದರು, "ನೀನು ಕುಮ್ಗಾರ್ ತೆಗೆದುಕೊಳ್ಳಲಿಲ್ಲವಲ್ಲ ಪುತಾ, ಬೆಳಿಗ್ಗೆ ಏನಾದರೂ ತಿಂದಿದ್ದೆಯಾ?"

ಅದು ಪ್ರಶ್ನೆಯಲ್ಲ, ನನಗೆ ತಪ್ಪಿಸಿಕೊಳ್ಳಲು ತೆರೆದಿಟ್ಟ ಬಾಗಿಲು. ಚಹಾ ಕುಡಿದಿದ್ದೆ ಎಂದೆ. ಅಮ್ಮ ಸ್ವಲ್ಪ ದೂರ ಸುಮ್ಮನಿದ್ದು, "ಏಳಕ್ಕೆ ಕುಡಿದದ್ದು. ಕುಮ್ಗಾರಿಗೆ ಎಂಟೂಮುಕ್ಕಾಲಾಗಿತ್ತು" ಎಂದರು. ಒಂದು ಗಂಟೆ ಉಪವಾಸವಿದ್ದರೆ ಸಾಕು ಎಂಬ ನಿಯಮ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕ್ರೈಸ್ತರಲ್ಲದ ಗೆಳೆಯರಿಗೆ ಒಂದು ಮಾತು. ಕನ್ನಡದ ಕಥೋಲಿಕರು ಪರಮಪ್ರಸಾದ ಎನ್ನುವುದನ್ನು ಮಂಗಳೂರಿನ ಕೊಂಕಣಿಯವರಾದ ನಾವು ಕುಮ್ಗಾರ್ ಎನ್ನುತ್ತೇವೆ. ಪೂಜೆಯ ಕೊನೆಯ ಭಾಗದಲ್ಲಿ ಪಾದ್ರಿ ಕೊಡುವ ಆ ತೆಳ್ಳನೆಯ ರೊಟ್ಟಿ ಬರೀ ಸಂಕೇತವಲ್ಲ, ಕ್ರಿಸ್ತನ ಶರೀರವೇ ಎಂಬುದು ನಮ್ಮ ನಂಬಿಕೆ. ಅದರ ಜೋಡಿ ಪದ ಕುಮ್ಸಾರ್, ಅಂದರೆ ಪಾಪನಿವೇದನೆ. ಎರಡೂ ಪೋರ್ಚುಗೀಸಿನಿಂದ ಬಂದವು, ಎರಡೂ ಅಣ್ಣತಮ್ಮಂದಿರ ಹೆಸರಿನಂತೆ ಕೇಳಿಸುತ್ತವೆ. ಅಮ್ಮನ ಬಾಲ್ಯದಲ್ಲಿ ಹಾಗೇ ಇತ್ತಂತೆ: ಶನಿವಾರ ಸಂಜೆ ಕುಮ್ಸಾರ್, ಭಾನುವಾರ ಬೆಳಿಗ್ಗೆ ಕುಮ್ಗಾರ್. ಊರಿನ ಇಗರ್ಜಿಯಲ್ಲಿ ಎಲ್ಲರೂ ಎದ್ದು ಸಾಲಿಗೆ ಹೋದಾಗ ಬೆಂಚಿನಲ್ಲಿ ಯಾರು ಉಳಿದರು ಎಂಬುದು ಮಧ್ಯಾಹ್ನದೊಳಗೆ ಮೂರು ಮನೆಗೆ ತಲುಪುತ್ತಿತ್ತು. ಮುಂಬಯಿಯ ಕಡೆ ಆ ಕಾಟವಿಲ್ಲ. ಹದಿನಾಲ್ಕು ತಿಂಗಳಿಂದ ನಾನು ಕೂತೇ ಇದ್ದೆ. ಪಕ್ಕದವರು ದಾಟಿಹೋಗಲು ಕಾಲು ಸರಿಸುತ್ತಿದ್ದೆ, ಅಷ್ಟೆ. ಗಮನಿಸಿದ ಮೊದಲಿಗರು ಅಮ್ಮ.

ವಿಷಯ ಇದು. ಎರಡು ವರ್ಷದ ಹಿಂದೆ ನಾನು ನಡೆಸುತ್ತಿದ್ದ ಪ್ರಾಜೆಕ್ಟಿನ ಒಂದು ರಿಲೀಸ್ ಐದು ವಾರ ತಡವಾಯಿತು. ಹಳೆಯ ಸಿಸ್ಟಮ್ಮಿನ ಡೇಟಾ ಸಾಗಿಸಲು ಮೂರು ವಾರ ಸಾಕು ಎಂದು ಅಂದಾಜು ಹಾಕಿದ್ದು ನಾನು. ಸಾಲದು ಎಂದು ಮೇಲ್ ಬರೆದು ಎಚ್ಚರಿಸಿದ್ದು ತಂಡದಲ್ಲಿದ್ದ ಗದಗ ಕಡೆಯ ಒಬ್ಬ ಹುಡುಗ. ಕನ್ನಡದವನೆಂದು ಖುಷಿಪಟ್ಟು ಅವನನ್ನು ತಂಡಕ್ಕೆ ಸೇರಿಸಿಕೊಂಡವನೂ ನಾನೇ. ವರ್ಷದ ಕೊನೆಗೆ ಪ್ರತಿ ತಂಡದಿಂದ ಒಂದು ಹೆಸರು ಕೆಳಗಿನ ಪಟ್ಟಿಗೆ ಹೋಗಬೇಕು ಎಂದು ಮೇಲಿನಿಂದ ಬಂತು. ಅವನ ತಂದೆಗೆ ಡಯಾಲಿಸಿಸ್ ನಡೆಯುತ್ತಿತ್ತು, ಆಗಾಗ ರಜೆ ಹಾಕುತ್ತಿದ್ದ. ಅವನ ಹೆಸರು ಬರೆಯುವುದು ಸುಲಭವಿತ್ತು. ಹೆಸರಷ್ಟೇ ಬರೆದಿದ್ದರೆ ಇಂದು ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಕಾರಣದ ಅಂಕಣದಲ್ಲಿ, ರಿಲೀಸ್ ತಡವಾದದ್ದು ಅವನ ಕೆಲಸದಿಂದ ಎಂದು ಬರೆದೆ. ಮೂರು ತಿಂಗಳಲ್ಲಿ ಅವನು ಹೊರಗಿದ್ದ. ನಾನು ಅದೇ ಸೀಟಿನಲ್ಲಿದ್ದೇನೆ.

ಈಗ ನಿಯಮ ಏನು ಹೇಳುತ್ತದೆ ನೋಡೋಣ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 916ನೇ ವಿಧಿಯಂತೆ, ಗಂಭೀರ ಪಾಪದ ಅರಿವು ಇರುವವನು ಮೊದಲು ಪಾಪನಿವೇದನೆ ಮಾಡದೆ ಪರಮಪ್ರಸಾದ ಸ್ವೀಕರಿಸಬಾರದು. ಬಲವಾದ ಕಾರಣವಿದ್ದು, ನಿವೇದನೆಗೆ ಅವಕಾಶವೇ ಇಲ್ಲದಿದ್ದರೆ ಮಾತ್ರ ಮನಃಪೂರ್ವಕ ಪಶ್ಚಾತ್ತಾಪದೊಂದಿಗೆ ಹೋಗಬಹುದು. ಗಮನಿಸಿ, ಇಲ್ಲಿ ತೀರ್ಪುಗಾರ ಸಾಲಿನಲ್ಲಿ ನಿಂತವನೇ. ಪಾದ್ರಿ ನಿರಾಕರಿಸಬಹುದಾದ ಸಂದರ್ಭ 915ನೇ ವಿಧಿಯದು. ಅದು ಬಹಿರಂಗವಾಗಿ, ಹಟ ಹಿಡಿದು ಗಂಭೀರ ಪಾಪದಲ್ಲಿ ಮುಂದುವರಿಯುವವರಿಗೆ. ಅಮೆರಿಕದಲ್ಲಿ ರಾಜಕಾರಣಿಗಳ ಸುತ್ತ 2021ರಲ್ಲಿ ಎದ್ದ ಗದ್ದಲವೆಲ್ಲ ಇದರ ಮೇಲೆಯೇ. ನನ್ನಂಥವರ ಸಮಸ್ಯೆ 916ರದ್ದು; ಅದಕ್ಕೆ ಸಾಕ್ಷಿಯೂ ಇಲ್ಲ, ಸುದ್ದಿಯೂ ಇಲ್ಲ.

ಗಂಭೀರ ಪಾಪಕ್ಕೆ ಮೂರು ಷರತ್ತು: ವಿಷಯ ಗಂಭೀರವಿರಬೇಕು, ಪೂರ್ತಿ ತಿಳಿದು ಮಾಡಿರಬೇಕು, ಮನಸ್ಸು ಒಪ್ಪಿ ಮಾಡಿರಬೇಕು. ನನ್ನದು ಆಡಿಟ್ ಮಾಡುವ ತಲೆ, ಬಹಳ ದಿನ ಈ ಮೂರನೆಯದರಲ್ಲಿ ಜಾಗ ಹುಡುಕಿದೆ. ಮೇಲಿನವರ ಒತ್ತಡವಿತ್ತು, ಇಎಂಐ ಇತ್ತು, ಹೆಸರು ಕೊಡದಿದ್ದರೆ ನನ್ನ ಹೆಸರೇ ಹೋಗುತ್ತಿತ್ತು. ಎಲ್ಲವೂ ನಿಜ. ಆದರೆ ಹೆಸರು ಕೊಡಬೇಕೆಂಬ ಒತ್ತಡವಿತ್ತೇ ಹೊರತು, ಸುಳ್ಳು ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಆ ಸಾಲು ನನ್ನ ಸ್ವಂತ ರಚನೆ.

ಕಡೆಗೆ ತಪಸ್ಸಿನ ಕಾಲದಲ್ಲಿ, ಈಸ್ಟರಿಗೆ ಮುಂಚೆ, ಕುಮ್ಸಾರಿಗೆ ಹೋದೆ. ನನ್ನ ಹಿಂದೆ ಉದ್ದ ಸಾಲಿತ್ತು. ಕೆಲಸದ ಸ್ಥಳದಲ್ಲಿ ಒಬ್ಬರ ಬಗ್ಗೆ ಸುಳ್ಳು ಹೇಳಿದೆ, ಅವರಿಗೆ ತೊಂದರೆಯಾಯಿತು ಎಂದೆ. ಸ್ಟೇಟಸ್ ರಿಪೋರ್ಟ್ ಬರೆಯುವ ಅಭ್ಯಾಸ. ಸುಳ್ಳಾಗದಂತೆ ಸಣ್ಣದಾಗಿಸುವುದು ನಮಗೆ ಬರುತ್ತದೆ. ಪಾದ್ರಿಗಳು ಸೌಮ್ಯವಾಗಿ ಎರಡು ಮಾತು ಹೇಳಿ, ಪ್ರಾರ್ಥನೆಯೊಂದನ್ನು ಪ್ರಾಯಶ್ಚಿತ್ತವಾಗಿ ಕೊಟ್ಟು, ಪಾಪವಿಮೋಚನೆ ನೀಡಿದರು. ಐದು ನಿಮಿಷವೂ ಆಗಲಿಲ್ಲ. ಅವರ ತಪ್ಪಿಲ್ಲ, ನಾನು ಹೇಳಿದಷ್ಟಕ್ಕೆ ಅವರು ಉತ್ತರ ಕೊಟ್ಟರು. ಹೊರಗೆ ಬಂದಾಗ, ಕಾನೂನಿನ ಲೆಕ್ಕ ನಾನು ನಂಬಿದಷ್ಟು ಸರಳವಾಗಿದ್ದರೆ, ನಾನು ಅರ್ಹನಾಗಿದ್ದೆ. ಆದರೂ ಮರುದಿನ ಏಳಲಾಗಲಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2487ನೇ ಪರಿಚ್ಛೇದ ಓದಿದ ಮೇಲೆ ಅದಕ್ಕೊಂದು ಹೆಸರು ಸಿಕ್ಕಿತು. ನ್ಯಾಯಕ್ಕೂ ಸತ್ಯಕ್ಕೂ ಮಾಡಿದ ಅಪರಾಧಕ್ಕೆ ಕ್ಷಮೆ ಸಿಕ್ಕಿದ್ದರೂ, ಆದ ಹಾನಿಯನ್ನು ತುಂಬಿಕೊಡುವ ಹೊಣೆ ಉಳಿಯುತ್ತದೆ ಎನ್ನುತ್ತದೆ ಅದು. ಕೆಡಿಸಿದ ಹೆಸರನ್ನೂ ತುಂಬಿಕೊಡಬೇಕು.

ಹಾಗಾದರೆ ನಾನು ಕೂತಿದ್ದು ಸರಿಯೇ? ಅಷ್ಟು ಸುಲಭವಾಗಿ ಹೌದು ಎನ್ನಲು ನನಗೆ ಧೈರ್ಯವಿಲ್ಲ. ಯಾಕೆಂದರೆ 'ನಾನು ಯೋಗ್ಯನಲ್ಲ' ಎಂದು ದೂರ ಉಳಿಯುವುದರಲ್ಲಿ ಒಂದು ಸುಖ ಇದೆ. ಮಡಿಯವರಿಗೆ ಅದು ಚೆನ್ನಾಗಿ ಗೊತ್ತು.

ನಮ್ಮಲ್ಲಿ ಮಡಿ ಇಲ್ಲ ಎನ್ನುತ್ತೇವೆ. ಅಜ್ಜಿಯ ಕಾಲದಲ್ಲಿ ಪರಮಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ನೀರೂ ಮುಟ್ಟುವಂತಿರಲಿಲ್ಲ. ನೀರು ಕುಡಿಯಬಹುದು ಎಂದಾದದ್ದು 1953ರಲ್ಲಿ. ಉಪವಾಸ ಮೂರು ಗಂಟೆಗೆ ಇಳಿದದ್ದು 1957ರಲ್ಲಿ, ಒಂದು ಗಂಟೆಗೆ 1964ರಲ್ಲಿ. ಬಾಯಿ ಮುಕ್ಕಳಿಸುವಾಗ ಒಂದು ಹನಿ ಗಂಟಲಿಗಿಳಿಯಿತೆಂದು ಅಜ್ಜಿ ಒಮ್ಮೆ ಹಬ್ಬದ ದಿನವೇ ಬೆಂಚಿನಲ್ಲಿ ಉಳಿದಿದ್ದರಂತೆ. ಮುಟ್ಟಿನ ಪ್ರಶ್ನೆಯೂ ಹೊಸದಲ್ಲ. ಮುಟ್ಟಾದ ಹೆಂಗಸನ್ನು ಪರಮಪ್ರಸಾದದಿಂದ ತಡೆಯಬಾರದು ಎಂದು ಒಂದನೇ ಗ್ರೆಗರಿ ಪೋಪರು ಇಂಗ್ಲೆಂಡಿನ ಮಿಷನರಿ ಆಗಸ್ಟೀನನಿಗೆ ಬರೆದ ಉತ್ತರವನ್ನು ಬೀಡ್ ಎಂಬ ಸನ್ಯಾಸಿ ದಾಖಲಿಸಿದ್ದಾನೆ. ಆದರೆ ಅವಳೇ ಭಕ್ತಿಯಿಂದ ದೂರ ಉಳಿದರೆ ಅದು ಮೆಚ್ಚತಕ್ಕದ್ದು ಎಂದೂ ಆ ಉತ್ತರ ಸೇರಿಸುತ್ತದೆ! ಬಾಗಿಲು ತೆರೆದವರೇ ಹೊಸ್ತಿಲಲ್ಲಿ ಒಂದು ಮಣೆ ಇಟ್ಟ ಹಾಗೆ.

ಜನ ಹೀಗೆ ಹೆದರಿ ದೂರ ಉಳಿದದ್ದೇ ಹೆಚ್ಚು. 1215ರಲ್ಲಿ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೆ ಒಮ್ಮೆಯಾದರೂ, ಈಸ್ಟರಿನ ಹೊತ್ತಿಗೆ, ಸ್ವೀಕರಿಸಲೇಬೇಕು ಎಂದು ಕಟ್ಟಳೆ ಮಾಡಬೇಕಾಯಿತು. 1643ರಲ್ಲಿ ಫ್ರಾನ್ಸಿನ ಆಂಟ್ವಾನ್ ಆರ್ನೋ ಇದೇ ವಿಷಯಕ್ಕೆ ಒಂದು ದಪ್ಪ ಪುಸ್ತಕ ಬರೆದು, ತಕ್ಕ ಪ್ರಾಯಶ್ಚಿತ್ತವಿಲ್ಲದೆ ಪೀಠದ ಬಳಿ ಹೋಗುವುದನ್ನು ಟೀಕಿಸಿದ. ಯಾನ್ಸೆನಿಸ್ಟರು ಎನ್ನುವ ಆ ಪಂಥದ ನೆರಳು ಇನ್ನೂರೈವತ್ತು ವರ್ಷ ಉಳಿಯಿತು. ಹತ್ತನೇ ಪಯಸ್ ಪೋಪರು 1905ರಲ್ಲಿ ಅದನ್ನು ಕೊನೆಗೊಳಿಸಿದರು: ಗಂಭೀರ ಪಾಪವಿಲ್ಲದೆ ಸದುದ್ದೇಶದಿಂದ ಬರುವ ಯಾರನ್ನೂ ತಡೆಯಬೇಡಿ, ಸಣ್ಣಪುಟ್ಟ ಪಾಪಗಳಿದ್ದರೂ ಪ್ರತಿದಿನ ಬರಲಿ. 1910ರಲ್ಲಿ ಮಕ್ಕಳ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು. ನಾವು ಬಿಳಿ ಬಟ್ಟೆ ತೊಟ್ಟು, ಮೇಣದಬತ್ತಿ ಹಿಡಿದು ಫೋಟೋಕ್ಕೆ ನಿಂತದ್ದು ಅವರ ದಯೆಯಿಂದ.

ಇದೆಲ್ಲದರ ನಡುವೆ ಪೂಜೆಯಲ್ಲಿ ಒಂದು ವಿಚಿತ್ರ ಇದೆ. ಸಾಲಿಗೆ ಏಳುವ ಮುನ್ನ ಎಲ್ಲರೂ, ಪಾದ್ರಿಯೂ ಸೇರಿ, ತಾವು ಯೋಗ್ಯರಲ್ಲ ಎಂದು ಗಟ್ಟಿಯಾಗಿ ಹೇಳುತ್ತಾರೆ. ಹೇಳಿ ಮುಗಿಸಿ ಎದ್ದು ಹೋಗುತ್ತಾರೆ! ಅದು ರೋಮನ್ ಶತಾಧಿಪತಿಯೊಬ್ಬನ ಮಾತು. ಆಳಿಗೆ ಕಾಯಿಲೆಯಾದಾಗ, ತನ್ನ ಸೂರಿನ ಕೆಳಗೆ ಯೇಸು ಬರುವಷ್ಟು ತಾನು ದೊಡ್ಡವನಲ್ಲ, ಅಲ್ಲಿಂದಲೇ ಒಂದು ಮಾತು ಹೇಳಿದರೆ ಸಾಕು ಎಂದನಂತೆ. ಇಂಗ್ಲಿಷ್ ಪೂಜೆಯಲ್ಲಿ ಆ ಸೂರಿನ ಮಾತು ಬಹುಕಾಲ ಬಿಟ್ಟುಹೋಗಿ 2011ರಲ್ಲಿ ಮರಳಿ ಸೇರಿತು. ಮಳೆಗಾಲದಲ್ಲಿ ಮೇಲಂತಸ್ತಿನ ಬಾಡಿಗೆ ಮನೆಯಲ್ಲಿ ಬಕೆಟ್ ಇಟ್ಟು ಸೋರುವ ನೀರು ಹಿಡಿಯುವ ನಮಗೆ ಆ ಸೂರು ಬೇಗ ಅರ್ಥವಾಗುತ್ತದೆ. ಆದರೆ ಆ ಸೇನಾಧಿಕಾರಿ ತನ್ನ ಅಯೋಗ್ಯತೆಯನ್ನು ಹೇಳಿಕೊಂಡು ಮನೆಯಲ್ಲಿ ಕೂತಿರಲಿಲ್ಲ. ಬಂದಿದ್ದ. ಬಂದದ್ದು ಆಳಿಗಾಗಿ. ಯೋಗ್ಯತೆಯ ಮಾತು ಅಷ್ಟಕ್ಕೇ ಆದರೆ ಯಾರೂ ಹೋಗುವಂತಿಲ್ಲ, ಅಥವಾ ಎಲ್ಲರೂ ಹೋಗಬಹುದು.

ನಿಜವಾಗಿ ದೊಡ್ಡ ತಪ್ಪಾದಾಗ ಏನು ಮಾಡಿದರು ಎಂಬುದಕ್ಕೆ ದೂರ ಹೋಗಬೇಕಿಲ್ಲ, ಶ್ರೀರಂಗಪಟ್ಟಣಕ್ಕೆ ಹೋದರೆ ಸಾಕು. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಅಲ್ಲಿಗೆ ಒಯ್ದ. ಸಂಖ್ಯೆ 60,000ಕ್ಕೂ ಹೆಚ್ಚು ಎಂದು ಅಬೆ ದುಬುವಾ ಬರೆದಿದ್ದಾನೆ. ಇತಿಹಾಸಕಾರರಲ್ಲಿ ಅಂಕಿಯ ಬಗ್ಗೆ ಒಮ್ಮತವಿಲ್ಲ. (ಟಿಪ್ಪುವಿನ ವಾದವನ್ನು ಇಲ್ಲಿ ಎತ್ತುವುದು ನನ್ನ ಉದ್ದೇಶವಲ್ಲ, ದಯವಿಟ್ಟು.) ಅಲ್ಲಿ ಅನೇಕರಿಗೆ ಬಲವಂತದ ಸುನ್ನತಿ, ಮತಾಂತರ ಆಯಿತು. ಹದಿನೈದು ವರ್ಷ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಅಲ್ಲಿನ ಕ್ರೈಸ್ತರನ್ನು ಮತ್ತೆ ಕೂಡಿಸಲು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸಿನ ಮೇಲೆ ಬಂದವನು ಈ ದುಬುವಾ, ಪ್ಯಾರಿಸ್ ವಿದೇಶ ಮಿಷನ್ ಸಂಘದ ಪಾದ್ರಿ. ಮೈಸೂರು ಸೀಮೆಯಲ್ಲಿ ಜನ ಅವನನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ನಮ್ಮ ಜನರ ಆಚಾರ ವಿಚಾರಗಳ ಮೇಲೆ ದೊಡ್ಡ ಗ್ರಂಥ ಬರೆದವನೂ ಅವನೇ.

1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ ಈ ಸೆರೆಯಾಳುಗಳ ಬಗ್ಗೆ ಅವನು ತುಂಬ ಕಠಿಣವಾಗಿ ಬರೆಯುತ್ತಾನೆ. ಅಷ್ಟು ಜನರಲ್ಲಿ ನಂಬಿಕೆಗಾಗಿ ಎದೆಕೊಟ್ಟು ನಿಂತವರು ಒಬ್ಬರೂ ಇರಲಿಲ್ಲ ಎನ್ನುತ್ತಾನೆ. ಓದುವಾಗ ನನಗೆ ಸಿಟ್ಟು ಬಂತು, ಯಾಕೆಂದರೆ ಅವರು ನಮ್ಮ ಹಿರಿಯರು. ಕತ್ತಿಯ ಕೆಳಗೆ ನಿಲ್ಲದವನು ಹಾಗೆ ಬರೆಯಬಹುದೇ? ಆದರೆ ಅದೇ ಪುಸ್ತಕದಲ್ಲಿ ಮುಂದಿನ ಮಾತೂ ಇದೆ. ಸುಲ್ತಾನನ ಕಾಲ ಮುಗಿದ ಮೇಲೆ ಅವರು, ಬಿಟ್ಟದ್ದು ಹೊರಗಿನಿಂದ ಮಾತ್ರ, ಒಳಗೆ ನಂಬಿಕೆ ಹಾಗೇ ಇತ್ತು ಎನ್ನುತ್ತ ಮರಳಿ ಬಂದರು. ಸುಮಾರು 2,000 ಜನ ಅವನ ಬಳಿಗೇ ಬಂದರು. 20,000ದಷ್ಟು ಜನ ಮಂಗಳೂರು ಸೀಮೆಗೆ ಮರಳಿದರು. ಬರವಣಿಗೆಯಲ್ಲಿ ಅಷ್ಟು ಕಠಿಣನಾದವನು ಎದುರಿಗೆ ಬಂದವರನ್ನು ಒಳಗೆ ಸೇರಿಸಿಕೊಂಡ.

ಹಳೆಯ ಕಟ್ಟಳೆಯ ಪ್ರಕಾರ ಹೋಗಿದ್ದರೆ? 325ರ ನೈಸಿಯ ಮಹಾಸಭೆ, ಬಲವಂತವಿಲ್ಲದೆ ನಂಬಿಕೆ ಬಿಟ್ಟವರಿಗೆ ಮೂರು ವರ್ಷ, ಏಳು ವರ್ಷ, ಎರಡು ವರ್ಷ ಎಂದು ಮೂರು ಹಂತದ ಹನ್ನೆರಡು ವರ್ಷ ಹಾಕಿತ್ತು. ಸಾಯುವವನಿಗೆ ಮಾತ್ರ ಕೊನೆಯ ಪ್ರಸಾದ ತಪ್ಪಿಸಬಾರದು ಎಂದಿತ್ತು. ಅದಕ್ಕೂ ಮುಂಚೆ, 250ರ ಸುಮಾರಿಗೆ, ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ ದೇವತೆಗಳಿಗೆ ಬಲಿ ಕೊಟ್ಟೆವೆಂದು ದುಡ್ಡು ಕೊಟ್ಟು ಸರ್ಟಿಫಿಕೇಟ್ ಪಡೆದ ಕ್ರೈಸ್ತರಿದ್ದರು. ಕಾಗದದಲ್ಲಿ ಸುಳ್ಳು, ಜೀವ ಉಳಿಯಿತು. ಈ ಭಾಗ ಓದುವಾಗ ನನಗೆ ಮೈ ಚುರುಕ್ಕೆಂದಿತು. ಇಂಥವರನ್ನು ಎಂದಿಗೂ ಸೇರಿಸಬಾರದು ಎಂದ ರೋಮಿನ ನೊವಾಶಿಯನ್. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮೊದಲು ಪರಿತಾಪ, ಕಾಯುವಿಕೆ ಎಂದ; ಮತ್ತೊಂದು ಹಿಂಸೆ ಸಮೀಪಿಸಿದಾಗ ಪಶ್ಚಾತ್ತಾಪ ಪಡುತ್ತಿದ್ದವರಿಗೆಲ್ಲ ಪ್ರಸಾದ ಕೊಟ್ಟ, ಬರಿಗೈಯವರನ್ನು ಯುದ್ಧಕ್ಕೆ ಕಳಿಸಬಾರದು ಎಂಬ ನ್ಯಾಯದಿಂದ. ಪ್ರಸಾದವೆಂದರೆ ಗೆದ್ದವನಿಗೆ ಬಹುಮಾನವಲ್ಲ, ಸೋಲಬಹುದಾದವನಿಗೆ ಬಲ.

ಇಷ್ಟು ಓದಿದ ಮೇಲೆ ಎದ್ದು ಸಾಲಿಗೆ ಹೋಗಬಹುದು ಎನ್ನಿಸಿತ್ತು. ತಡೆದದ್ದು, ಎಲ್ಲರೂ ಹೆದರಿಸಲು ಬಳಸುವ ಪೌಲನ ಪತ್ರ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೊಂದನೇ ಅಧ್ಯಾಯದಲ್ಲಿ, ಅಯೋಗ್ಯವಾಗಿ ತಿನ್ನುವವನು ಕ್ರಿಸ್ತನ ಶರೀರಕ್ಕೇ ಅಪರಾಧಿ, ಆದ್ದರಿಂದ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂಬ ಮಾತಿದೆ. ಚಿಕ್ಕಂದಿನಿಂದ ಕೇಳಿದ್ದೆ. ಹಿಂದಿನ ವಾಕ್ಯಗಳನ್ನು ಸೇರಿಸಿ ಓದಿರಲಿಲ್ಲ. ಕೊರಿಂಥದಲ್ಲಿ ಆದದ್ದು ಇಷ್ಟು: ಪ್ರಭುವಿನ ಭೋಜನಕ್ಕೆ ಸೇರಿದಾಗ ಕೆಲವರು ತಂದ ಊಟವನ್ನು ತಾವೇ ಮೊದಲು ಮುಗಿಸುತ್ತಿದ್ದರು. ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ. ಇಲ್ಲದವರನ್ನು ನಾಚಿಸುತ್ತೀರಾ ಎಂಬುದು ಪೌಲನ ಸಿಟ್ಟು. ನಮ್ಮ ಭಾಷೆಯಲ್ಲಿ ಅದಕ್ಕೆ ಸರಿಯಾದ ಪದವೇ ಇದೆ: ಪಂಕ್ತಿಭೇದ.

ಗ್ರೀಕಿನಲ್ಲಿ ಆ 'ಅಯೋಗ್ಯವಾಗಿ' ಎಂಬುದು ಕ್ರಿಯಾವಿಶೇಷಣ. ತಿನ್ನುವವನ ಗುಣವಲ್ಲ, ತಿನ್ನುವ ರೀತಿ. ಧರ್ಮಸಭೆ ಆ ಮಾತನ್ನು ಎಲ್ಲ ಗಂಭೀರ ಪಾಪಕ್ಕೂ ಹಿಗ್ಗಿಸಿ ಓದಿತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಹಿಗ್ಗಿಸುವಾಗ, ಬಾಗಿಲಲ್ಲಿ ಹಸಿದು ನಿಂತವನು ನಮ್ಮ ಕಣ್ಣಿಂದ ಮರೆಯಾದ. ಪರೀಕ್ಷೆ ಎಂದರೆ ನನ್ನೊಳಗೆ ಕೊಳೆ ಎಷ್ಟಿದೆ ಎಂದು ನೋಡಿಕೊಳ್ಳುವುದು ಎಂದಾಯಿತು. ಹದಿನಾಲ್ಕು ತಿಂಗಳು ನಾನು ಮಾಡಿದ್ದೂ ಅದೇ. ಬೆಂಚಿನಲ್ಲಿ ಕೂತು ನನ್ನ ಕೊಳೆಯನ್ನೇ ನೋಡಿಕೊಂಡೆ. ಆ ಹುಡುಗ ಎಲ್ಲಿದ್ದಾನೆ ಎಂದು ಒಂದು ಸಲವೂ ವಿಚಾರಿಸಲಿಲ್ಲ. ಕಾಣಿಕೆ ಪೀಠದ ಮುಂದೆಯೇ ಇರಲಿ, ಮೊದಲು ಹೋಗಿ ನಿನ್ನ ಸಹೋದರನೊಡನೆ ರಾಜಿಯಾಗು ಎಂಬ ಅರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಅಲ್ಲಿ ಕಾಣಿಕೆ ಬಿಟ್ಟವನು ಎದ್ದು ಹೋಗಬೇಕು. ನಾನು ಕಾಣಿಕೆಯ ಪಕ್ಕದಲ್ಲೇ ಕೂತಿದ್ದೆ.

ಊರಿಗೆ ಹೊರಡುವ ಹಿಂದಿನ ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. ಹೊರಗೆ ಕಾರ್ಖಾನೆಗಳ ಕಡೆಯಿಂದ ರಾತ್ರಿ ಬರುವ ಆ ವಾಸನೆ ಶುರುವಾಗಿತ್ತು, ಕಿಟಕಿ ಮುಚ್ಚಿದ್ದೆವು. ಅಮ್ಮ ಬೈಯಲಿಲ್ಲ. "ಊಟಕ್ಕೆ ಕರೆದವರ ಮನೆಯಲ್ಲಿ ಎಲೆ ಮುಂದೆ ಕೂತು ಉಣ್ಣದೆ ಏಳುವುದು ಕರೆದವರಿಗೆ ಅವಮಾನ" ಎಂದರು ಮೊದಲು. ನಾನು ಕೊರಿಂಥದ ಕಥೆ ಹೇಳಿದೆ. ಕೇಳಿ, ಸ್ವಲ್ಪ ಹೊತ್ತಿನ ಮೇಲೆ, "ಹಾಗಾದರೆ ಕರೆದವನು ಅವನನ್ನೂ ಕರೆದಿದ್ದ, ನೀನು ಅವನ ಎಲೆ ತೆಗೆದೆ" ಎಂದರು. ಕನ್ನಡದಲ್ಲಿ ಕೃಪೆಗೆ ಪಾತ್ರನಾಗುವುದು ಎನ್ನುತ್ತೇವೆ. ಪಾತ್ರವೆಂದರೆ ಯೋಗ್ಯ, ಪಾತ್ರವೆಂದರೆ ಪಾತ್ರೆಯೂ ಹೌದು. ನಾನು ನನ್ನ ಪಾತ್ರೆ ತಿಕ್ಕುವುದರಲ್ಲೇ ಇದ್ದೆ; ಅಮ್ಮ ನೋಡಿದ್ದು ತೆಗೆದ ಎಲೆಯನ್ನು.

ಮುಂದಿನ ವಾರ ಫೋನ್ ಮಾಡಿದೆ. ಅವನು ಈಗ ಪುಣೆಯಲ್ಲಿದ್ದಾನೆ, ಹಿಂದಿಗಿಂತ ಕಡಿಮೆ ಸಂಬಳಕ್ಕೆ. ಸಿದ್ಧಮಾಡಿಕೊಂಡ ಮಾತುಗಳನ್ನೆಲ್ಲ ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿಸಿಕೊಂಡ.

"ಅದು ನನಗ ಆವಾಗ್ಲೇ ಗೊತ್ತಿತ್ರೀ ಸರ್" ಎಂದ. ಆಮೇಲೆ, "ಇದನ್ನ ಬರ್ದು ಕೊಡ್ತೀರೇನ್ರೀ?" ಎಂದ. ಹೊಸ ಕಡೆ ಇಂಟರ್‌ವ್ಯೂ ಆದಾಗಲೆಲ್ಲ ಹಳೆಯ ಕಚೇರಿಯಿಂದ ಅವನ ಬಗ್ಗೆ ವಿಚಾರಿಸುತ್ತಾರೆ, ಆ ಸಾಲು ಅಡ್ಡ ಬರುತ್ತದೆ.

ನೋಡುತ್ತೇನೆ ಎಂದೆ. ಮ್ಯಾನೇಜರುಗಳು 'ನೋಡುತ್ತೇನೆ' ಎಂದರೆ ಏನರ್ಥ ಎಂದು ಅವನಿಗೂ ಗೊತ್ತು.

ಕ್ಷಮೆ ಕೇಳುವುದಕ್ಕೆ ನಾನು ಸಿದ್ಧನಿದ್ದೆ, ಅವನಿಗೆ ಬೇಕಿದ್ದದ್ದು ಕ್ಷಮೆಯ ಮಾತಲ್ಲ. ಅದನ್ನು ಬರೆದು ಕೊಟ್ಟರೆ ನನ್ನ ಸೀಟು ಉಳಿಯುತ್ತದೆಯೋ ಇಲ್ಲವೋ. ಹೆಂಡತಿಗೆ ಹೇಳಿದ್ದೇನೆ, ಲೋನಿನ ಕಂತುಗಳನ್ನು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಈ ಲೇಖನ ಆ ಪತ್ರಕ್ಕೆ ಬದಲಿಯಲ್ಲ ಎಂಬುದೂ ಗೊತ್ತು. ಇಲ್ಲಿ ಯಾರ ಹೆಸರೂ ಇಲ್ಲ, ಇದರಿಂದ ಅವನಿಗೆ ಮೂರು ಕಾಸಿನ ಉಪಯೋಗವಿಲ್ಲ. ಪತ್ರದ ಕರಡು ಲ್ಯಾಪ್‌ಟಾಪಿನಲ್ಲಿದೆ. ಮೊದಲು 'ಅಂದಾಜಿನಲ್ಲಿ ವ್ಯತ್ಯಾಸವಾಗಿತ್ತು' ಎಂದು ಬರೆದಿದ್ದೆ. ಅಳಿಸಿ, 'ತಪ್ಪು ಅಂದಾಜು ಹಾಕಿದ್ದು ನಾನು' ಎಂದು ಮಾಡಿದ್ದೇನೆ. ಕಳಿಸಿಲ್ಲ.

ಅಮ್ಮ ಪ್ರತಿ ಭಾನುವಾರ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ. ಕುಮ್ಗಾರಿನ ವಿಷಯ ಎತ್ತುವುದಿಲ್ಲ. ಆ ಹುಡುಗನ ತಂದೆ ಈಗ ಹೇಗಿದ್ದಾರೆ ಎಂದು ಮೊನ್ನೆ ಕೇಳಿದರು. ಅವನ ಜೊತೆ ಮಾತಾಡುವಾಗ ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.